ಬಲೆ ತುಂಬಿದರೂ ಕೊಳೆತ ಹಾಗಲ: ಒಂದು ಹುಳುವಿನ ಗುರುತು ಹಿಡಿದ ಪ್ರಕರಣ

ಶ್ರೀನಿವಾಸಪುರ ತಾಲ್ಲೂಕಿನ ಒಂದು ಊರು, ಮೇ ತಿಂಗಳ ಕೊನೆಯ ವಾರ. ಮೂರು ಕಡೆ ಮಾವಿನ ತೋಪು, ನಡುವೆ ಮುಕ್ಕಾಲು ಎಕರೆ ಹಾಗಲದ ಚಪ್ಪರ. ಚಪ್ಪರದ ತಂತಿಗೆ ಹಣ್ಣುನೊಣದ ಬಲೆಗಳು ಆರು ತೂಗುತ್ತಿದ್ದವು. ಒಂದನ್ನು ಬಿಚ್ಚಿ ಅಂಗೈಗೆ ಸುರಿದರೆ ಒಂದು ಹಿಡಿ ಸತ್ತ ನೊಣ ಬಿತ್ತು. ಅದೇ ಬಲೆಯ ಅಡಿಯಲ್ಲಿ, ಬಲಿಯುವ ಮೊದಲೇ ಹಳದಿ ತಿರುಗಿದ ಹಾಗಲಕಾಯಿಗಳು ನೆಲಕ್ಕೆ ಬಿದ್ದು ಕೊಳೆಯುತ್ತಿದ್ದವು. ಬಲೆ ಕೆಲಸ ಮಾಡುತ್ತಿದೆ ಎನ್ನುವುದಕ್ಕೆ ಸಾಕ್ಷಿ ಅಂಗೈಯಲ್ಲಿತ್ತು, ಮಾಡುತ್ತಿಲ್ಲ ಎನ್ನುವುದಕ್ಕೆ ಸಾಕ್ಷಿ ಕಾಲಡಿಯಲ್ಲಿತ್ತು. ಹತ್ತು ಕಾಯಿ ಕಿತ್ತರೆ ನಾಲ್ಕನ್ನು ತಿಪ್ಪೆಗೆ ಎಸೆಯುತ್ತಿದ್ದೇನೆ ಎಂದು ಬೆಳೆಗಾರರು ಹೇಳಿದರು. ತಿಪ್ಪೆ ನೋಡಿದ ಮೇಲೆ ಆ ಲೆಕ್ಕದಲ್ಲಿ ಉತ್ಪ್ರೇಕ್ಷೆ ಇದೆ ಎಂದು ನನಗೆ ಅನ್ನಿಸಲಿಲ್ಲ.

ನಾನು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು. ಮನೆಯಲ್ಲಿ ಒಂದು ಹಳೆಯ ಸೂಕ್ಷ್ಮದರ್ಶಕ, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಒಂದು ಕೈಮಸೂರ, ಒಂದಷ್ಟು ಗಾಜಿನ ಸೀಸೆಗಳಿವೆ. ಸುತ್ತಲಿನವರು ಹುಳು ಹುಪ್ಪಟೆ ಹಿಡಿದು ತಂದು ತೋರಿಸುತ್ತಾರೆ. ಈ ಪ್ರಕರಣವೂ ಹಾಗೆಯೇ ಶುರುವಾಯಿತು. ಶುರುವಿನಲ್ಲಿ ತಪ್ಪು ಮಾಡಿದವನು ನಾನೇ ಆದ್ದರಿಂದ ಅಲ್ಲಿಂದಲೇ ಹೇಳುತ್ತೇನೆ.

ನಾನು ತೋಟಕ್ಕೆ ಹೋಗುವುದಕ್ಕೆ ಹತ್ತು ದಿನ ಮೊದಲು ಆ ಬೆಳೆಗಾರರು ಬಸ್ಸಿನಲ್ಲಿ ಬಂದು ಒಂದು ಪ್ಲಾಸ್ಟಿಕ್ ಕವರ್ ಕೊಟ್ಟು ಹೋಗಿದ್ದರು. ಒಳಗೆ ಎರಡು ಹಾಗಲಕಾಯಿ. ಬಿಸಿಲಿನಲ್ಲಿ ಬೆಂದು, ನೀರು ಬಿಟ್ಟು, ಹೆಂಡದ ವಾಸನೆ ಬರುತ್ತಿತ್ತು. ಸೀಳಿ ನೋಡಿದೆ. ಬಿಳಿಯ ಸಣ್ಣ ಹುಳುಗಳು ಗಿಜಿಗುಟ್ಟುತ್ತಿದ್ದವು, ಒಂದೊಂದೂ ನಾಲ್ಕು ಮಿಲಿಮೀಟರ್‌ಗಿಂತ ಹೆಚ್ಚಿಲ್ಲ. ಮಸೂರದಡಿ ಇಟ್ಟಾಗ ಬಾಲದ ತುದಿಯಲ್ಲಿ ಎರಡು ಪುಟ್ಟ ಕೊಳವೆಗಳು ಹೊರಚಾಚಿಕೊಂಡಿರುವುದು ಕಂಡಿತು. ಮೂವತ್ತು ವರ್ಷ ತಳಿಶಾಸ್ತ್ರದ ಪಾಠ ಮಾಡಿದವನಿಗೆ ಅದು ಹಳೆಯ ಪರಿಚಯ: ಡ್ರೊಸೊಫಿಲಾ. ಹುದುಗು ಬಂದ ಹಣ್ಣನ್ನು ಮುತ್ತುವ, ಬಾಳೆಹಣ್ಣಿನ ಬುಟ್ಟಿಯ ಮೇಲೆ ಹಾರಾಡುವ ಕೆಂಗಣ್ಣಿನ ಸಣ್ಣ ನೊಣ. ಅದು ಕೊಳೆತದ್ದನ್ನು ಹುಡುಕಿಕೊಂಡು ಬರುತ್ತದೆ, ಗಟ್ಟಿ ಕಾಯಿಯನ್ನು ಕೊಳೆಸುವುದಿಲ್ಲ. ಹಾಗಾಗಿ ಫೋನಿನಲ್ಲಿ, “ಹುಳು ಕಾರಣವಲ್ಲ, ಕೊಳೆ ಮೊದಲು ಬಂದಿದೆ, ಶಿಲೀಂಧ್ರ ಇರಬಹುದು” ಎಂದುಬಿಟ್ಟೆ. ಅವರು ಶಿಲೀಂಧ್ರನಾಶಕ ತಂದು ಎರಡು ಬಾರಿ ಸಿಂಪಡಿಸಿದರು. ಹಣವೂ ಹೋಯಿತು, ವಾರವೂ ಹೋಯಿತು.

ಹುಳುವನ್ನು ಗುರುತಿಸುವುದರಲ್ಲಿ ನಾನು ತಪ್ಪಿರಲಿಲ್ಲ. ಅದು ಡ್ರೊಸೊಫಿಲಾವೇ. ತಪ್ಪಿದ್ದು ಕಾಯಿಯ ಆಯ್ಕೆಯಲ್ಲಿ. ಕವರಿನಲ್ಲಿ ಬೆಂದ ಕಾಯಿಯೊಳಗೆ ಸಿಗುವುದು ಕಳ್ಳನಲ್ಲ, ಕಳ್ಳ ಹೋದ ಮೇಲೆ ಮನೆಗೆ ನುಗ್ಗಿದವರು. ನಿಜವಾದ ಹುಳು ಅಷ್ಟರಲ್ಲಿ ಮೇದು ಮುಗಿಸಿ, ಕಾಯಿಯಿಂದ ಹೊರಬಿದ್ದು, ಮಣ್ಣು ಸೇರಿರುತ್ತದೆ. ಈಗ ಯಾರೇ ಕೇಳಿದರೂ ನಾನು ಹೇಳುವುದು ಒಂದೇ: ಕೊಳೆತ ಕಾಯಿ ಬೇಡ, ಚುಚ್ಚಿದ ಗುರುತಿರುವ, ಆ ಜಾಗದಲ್ಲಿ ಮಾತ್ರ ಹಳದಿ ಅಥವಾ ಮೆತ್ತಗಾಗಿರುವ, ಮಿಕ್ಕಂತೆ ಹಸಿರಾಗಿರುವ ಕಾಯಿ ತನ್ನಿ. ಕಾಗದದಲ್ಲಿ ಸುತ್ತಿ ತನ್ನಿ, ಪ್ಲಾಸ್ಟಿಕ್ಕಿನಲ್ಲಿ ಬೇಡ.

ಒಂದು ಹೆಸರು, ಹಲವು ನೊಣ

ತೋಟದಲ್ಲಿ ಅವರು ಬಳಸಿದ ಪದ “ಊಜಿ”. ಕೋಲಾರದ ಕಡೆ ಈ ಪದ ಎಷ್ಟು ಜನಬಳಕೆಯಲ್ಲಿದೆಯೋ ಅಷ್ಟೇ ಗೊಂದಲದ್ದೂ ಹೌದು. ಮೂಲದಲ್ಲಿ ಊಜಿ ಎಂದರೆ ರೇಷ್ಮೆಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಅದನ್ನು ಒಳಗಿನಿಂದ ತಿನ್ನುವ ನೊಣ. 1980ರಲ್ಲಿ ಅದು ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದು ರೇಷ್ಮೆ ಸಾಕುವವರ ನಿದ್ದೆ ಕೆಡಿಸಿತು. ಆಮೇಲೆ ಮಾವಿನ ಹಣ್ಣಿನೊಳಗೆ ಹುಳು ಕಂಡರೂ ಊಜಿ, ಹೀರೆಕಾಯಿಯಲ್ಲಿ ಕಂಡರೂ ಊಜಿ. ಪುಸ್ತಕದವರು ಇದಕ್ಕಿಂತ ಮೇಲು ಎಂದೇನಿಲ್ಲ. ನಾನು ತರಗತಿಯಲ್ಲಿ ಡ್ರೊಸೊಫಿಲಾಕ್ಕೆ “ಹಣ್ಣಿನ ನೊಣ” ಎನ್ನುತ್ತಿದ್ದೆ, ತೋಟಗಾರಿಕೆಯ ಕರಪತ್ರಗಳು ಬೇರೆಯೇ ಕುಟುಂಬದ, ಬಲಿಯುತ್ತಿರುವ ಗಟ್ಟಿ ಕಾಯಿಗೇ ಚುಚ್ಚಿ ಮೊಟ್ಟೆಯಿಡುವ ನೊಣಕ್ಕೆ “ಹಣ್ಣುನೊಣ” ಎನ್ನುತ್ತವೆ.

ಬೆಳೆಗಾರರು ಅಂಗಡಿಗೆ ಹೋಗಿ “ಊಜಿಗೆ ಬಲೆ ಕೊಡಿ” ಎಂದಿದ್ದರು. ಮಾವಿನ ಸೀಮೆಯ ಅಂಗಡಿ, ಮಾವಿನ ಕಾಲ. ಅವರು ಮಾವಿನ ಬಲೆಯನ್ನೇ ಕೊಟ್ಟಿದ್ದರು. ಅಂಗಡಿಯವರನ್ನು ದೂರುವುದಕ್ಕೆ ನನಗೆ ಮನಸ್ಸಿಲ್ಲ. ಕೇಳಿದ್ದು ಊಜಿ, ಕೊಟ್ಟಿದ್ದೂ ಊಜಿಯದೇ.

ಬಲೆಯೊಳಗಿನ ಬತ್ತಿಯಲ್ಲಿದ್ದದ್ದು ಮೀಥೈಲ್ ಯೂಜಿನಾಲ್. ತುಳಸಿಯಲ್ಲಿಯೂ ಇರುವ ಪರಿಮಳದ್ರವ್ಯ ಇದು. ಇದಕ್ಕೆ ಹಣ್ಣುನೊಣ ಮರುಳಾಗುವುದನ್ನು ಜಗತ್ತಿಗೆ ತೋರಿಸಿದ್ದು ಭಾರತದಲ್ಲೇ, ಬಿಹಾರದ ಪೂಸಾದಲ್ಲಿ. ಸಿಟ್ರೊನೆಲ್ಲಾ ಎಣ್ಣೆಗೆ ಹಣ್ಣುನೊಣಗಳು ಬಂದು ಮುತ್ತುವುದನ್ನು ಹೌಲೆಟ್ ಎಂಬ ಕೀಟಶಾಸ್ತ್ರಜ್ಞ 1912ರಲ್ಲಿ ಬರೆದ, 1915ರಲ್ಲಿ ಅದಕ್ಕೆ ಕಾರಣ ಮೀಥೈಲ್ ಯೂಜಿನಾಲ್ ಎಂದು ಪತ್ತೆ ಮಾಡಿದ. ಬಂದವೆಲ್ಲ ಗಂಡು ನೊಣಗಳೇ. ಮಾವಿನ ಹಣ್ಣುನೊಣ, ಅಂದರೆ ಬ್ಯಾಕ್ಟ್ರೋಸೆರಾ ಡಾರ್ಸಾಲಿಸ್, ಈ ವಾಸನೆಗೆ ಎಲ್ಲಿಂದಲೋ ಹಾರಿಬರುತ್ತದೆ. ಹಾಗಲ, ಹೀರೆ, ಸೋರೆಯಂಥ ಕುಂಬಳ ಜಾತಿಯ ಬೆಳೆಗಳ ಮುಖ್ಯ ಹಣ್ಣುನೊಣ ಜ್ಯೂಗೋಡೇಕಸ್ ಕುಕರ್ಬಿಟೇ ಇದರತ್ತ ತಿರುಗಿಯೂ ನೋಡುವುದಿಲ್ಲ. ಅದಕ್ಕೆ ಬೇಕಾದದ್ದು ಕ್ಯೂ-ಲ್ಯೂರ್ ಎಂಬ ಬೇರೆಯೇ ರಾಸಾಯನಿಕ.

ಅಂಗೈಯಲ್ಲಿದ್ದ ನೊಣಗಳನ್ನು ಬಿಳಿ ಕಾಗದದ ಮೇಲೆ ಹರಡಿದೆ. ಎದೆಯ ಮೇಲ್ಭಾಗ ಕಪ್ಪು, ಎರಡು ಪಕ್ಕಕ್ಕೆ ಎರಡು ಹಳದಿ ಪಟ್ಟಿ, ನಡುವೆ ಪಟ್ಟಿಯಿಲ್ಲ. ರೆಕ್ಕೆ ಬಹುಪಾಲು ತಿಳಿ, ಮುಂದಂಚಿಗೆ ಮಾತ್ರ ತೆಳುವಾದ ಕಂದು ಗೆರೆ. ಮಾವಿನ ನೊಣಗಳೇ. ಒಂದರ ಹಿಂಭಾಗದಲ್ಲೂ ಮೊಟ್ಟೆಯಿಡುವ ಸೂಜಿ ಇರಲಿಲ್ಲ. ಅಂದರೆ ಸುತ್ತಲಿನ ತೋಪುಗಳ ಗಂಡು ನೊಣಗಳನ್ನು ಈ ಹಾಗಲದ ತೋಟ ಕರೆದು ಕರೆದು ಕೊಲ್ಲುತ್ತಿತ್ತು. ಪುಕ್ಕಟೆ ಸೇವೆ.

ಇಷ್ಟಾದ ಮೇಲೆ ಹಾಗಲದೊಳಗಿನ ಹುಳು ಕುಂಬಳ ಜಾತಿಯ ನೊಣದ್ದೇ ಎಂದು ತೀರ್ಮಾನಿಸಿ ಎದ್ದುಬಿಡಬಹುದಿತ್ತು. ಒಮ್ಮೆ ಎಡವಿದ್ದರಿಂದ ಹಾಗೆ ಮಾಡಲಿಲ್ಲ. ಡಾರ್ಸಾಲಿಸ್ ನೂರಾರು ಬಗೆಯ ಹಣ್ಣುಗಳಲ್ಲಿ ಬೆಳೆಯುವ ನೊಣ, ಕುಂಬಳ ಜಾತಿಯ ಕಾಯಿಗಳಲ್ಲೂ ಅಪರೂಪಕ್ಕೆ ಸಿಕ್ಕಿದೆ. ಇನ್ನೊಂದೆಡೆ, ಎರಡೂ ಆಮಿಷಗಳಿಗೆ ಬಾರದ ಡೇಕಸ್ ಸಿಲಿಯೇಟಸ್ ಎಂಬ ಸಣ್ಣ ನೊಣವೂ ನಮ್ಮಲ್ಲಿ ಇದೆ, ಅದೂ ಕುಂಬಳ ಜಾತಿಯದೇ ಶತ್ರು. ಬಲೆ ಬದಲಿಸಿ ಅದೂ ಕೆಲಸ ಮಾಡದಿದ್ದರೆ ಆ ಮನುಷ್ಯನ ಎದುರು ಮತ್ತೆ ನಿಲ್ಲುವುದು ಹೇಗೆ? ಹುಳುವನ್ನೇ ಕೇಳಬೇಕು.

ಹುಳುವನ್ನು ಕೇಳಿದ್ದು

ಚಪ್ಪರದಡಿ ಬಗ್ಗಿ ನಡೆಯುತ್ತ ಹಸಿರು ಕಾಯಿಗಳನ್ನು ತಿರುಗಿಸಿ ನೋಡಿದೆ. ಮುಳ್ಳುಮುಳ್ಳಾದ ಹಾಗಲದ ಮೈಯಲ್ಲಿ ಚುಚ್ಚಿದ ಗುರುತು ಕಾಣುವುದು ಕಷ್ಟ. ಹೀರೆ, ಸೋರೆಯಾದರೆ ಚುಚ್ಚಿದಲ್ಲಿ ಅಂಟು ಒಸರಿ ಜೇನಿನ ಬಣ್ಣದ ಮಣಿಯಾಗಿ ಗಟ್ಟಿಯಾಗುತ್ತದೆ, ಕಣ್ಣಿಗೆ ಬೀಳುತ್ತದೆ. ಹಾಗಲದಲ್ಲಿ ಕಾಯಿ ಒಂದು ಪಕ್ಕಕ್ಕೆ ಸೊಟ್ಟಗಾಗಿರುವುದೇ ಸುಳಿವು. ಚುಚ್ಚಿದ ಬದಿ ಬೆಳೆಯುವುದನ್ನು ನಿಲ್ಲಿಸುತ್ತದೆ, ಇನ್ನೊಂದು ಬದಿ ಬೆಳೆಯುತ್ತಲೇ ಇರುತ್ತದೆ. ಅಂಥ ಹನ್ನೆರಡು ಕಾಯಿ ಕಿತ್ತು ಅಲ್ಲೇ ಕೆಲವನ್ನು ಸೀಳಿದೆ.

ಮೊದಲ ಕಾಯಿಯಲ್ಲಿ ಸಿಕ್ಕಿದ್ದು ಬೇರೆಯೇ ಹುಳು. ಹಸಿರು ಮೈ, ಬೆನ್ನಿನ ಉದ್ದಕ್ಕೂ ಎರಡು ಬಿಳಿ ಗೆರೆ, ಕಂದು ತಲೆ, ಎದೆಯಡಿ ಕಾಲುಗಳು. ಇದು ಡಯಾಫೇನಿಯಾ ಇಂಡಿಕಾ ಎಂಬ ಪತಂಗದ ಮರಿ. ಎಲೆಯನ್ನು ಮಡಚಿ ತಿನ್ನುತ್ತದೆ, ಮನಸ್ಸಾದರೆ ಕಾಯಿಯನ್ನೂ ಕೊರೆಯುತ್ತದೆ. ಇಡೀ ತೋಟದಲ್ಲಿ ಅಂಥದ್ದು ಎರಡೋ ಮೂರೋ ಸಿಕ್ಕಿತು, ನಷ್ಟಕ್ಕೆ ಕಾರಣ ಅದಲ್ಲ. ಆದರೆ ಮೊದಲ ವಿಂಗಡಣೆಗೆ ಅದೇ ಪಾಠವಾಯಿತು. ಹುಳುವಿಗೆ ಗಟ್ಟಿಯಾದ ತಲೆ ಇದೆಯೇ, ಕಾಲು ಇದೆಯೇ? ಇದ್ದರೆ ಅದು ನೊಣದ ಮರಿಯಲ್ಲ. ನೆಲಕ್ಕೆ ತಾಗಿದ ಕಾಯಿಯಲ್ಲಿ ಕಂದು ತಲೆ, ಮೂರು ಜೊತೆ ಕಾಲಿನ ಕೆನೆಬಣ್ಣದ ಹುಳು ಸಿಕ್ಕರೆ ಅದು ಕೆಂಪು ಕುಂಬಳ ದುಂಬಿಯದು. ನೊಣದ ಮರಿಗೆ ತಲೆಯೂ ಇಲ್ಲ, ಕಾಲೂ ಇಲ್ಲ. ಮುಂದುಗಡೆ ಚೂಪು, ಹಿಂದುಗಡೆ ಮೊಂಡು, ಚೂಪಿನ ತುದಿಯಲ್ಲಿ ಎರಡು ಕಪ್ಪು ಕೊಕ್ಕೆ.

ಮಿಕ್ಕ ಕಾಯಿಗಳಲ್ಲಿ ಇದ್ದದ್ದು ಅದೇ. ಬೀಜದ ಸುತ್ತಲಿನ ತಿರುಳನ್ನು ನುಣ್ಣಗೆ ಗಂಜಿ ಮಾಡಿಕೊಂಡು, ಕೆನೆಬಣ್ಣದ, ಸುಮಾರು ಹತ್ತು ಮಿಲಿಮೀಟರ್ ಉದ್ದದ ಹುಳುಗಳು ಒಂದಕ್ಕೊಂದು ಒತ್ತಿಕೊಂಡು ಮೇಯುತ್ತಿದ್ದವು. ದೊಡ್ಡವು ಕೆಲವನ್ನು ತಟ್ಟೆಗೆ ಹಾಕಿದೆ. ಒಂದು ಹುಳು ಬಾಯಿಯ ಕೊಕ್ಕೆಯಿಂದ ತನ್ನ ಬಾಲದ ತುದಿಯನ್ನು ಹಿಡಿದು, ಬಳೆಯಂತೆ ಮಣಿದು, ಒಮ್ಮೆಲೇ ಬಿಟ್ಟುಕೊಂಡಿತು. ಟಪ್ಪೆಂದು ಹಾರಿ ತಟ್ಟೆಯಾಚೆ ಬಿತ್ತು. ಬೆಳೆಗಾರರ ಮೊಮ್ಮಗ ಚಪ್ಪಾಳೆ ತಟ್ಟಿದ. ಬಲಿತ ಹಣ್ಣುನೊಣದ ಮರಿಗಳಿಗೆ ಈ ಜಿಗಿತ ಗೊತ್ತು. ಕಾಯಿ ಬಿಟ್ಟು ಮಣ್ಣು ಸೇರುವ ಹೊತ್ತಿನಲ್ಲಿ ಇರುವೆ, ಹಕ್ಕಿಗಳ ಕಣ್ಣು ತಪ್ಪಿಸಿ ದೂರ ಹೋಗುವುದಕ್ಕೆ ಇದು ಉಪಾಯ. ಜಿಗಿದ ಹುಳುವನ್ನೇ ಮೊದಲು ಎತ್ತಿಕೊಂಡೆ, ಏಕೆಂದರೆ ನನಗೆ ಬೇಕಾದದ್ದು ಪೂರ್ತಿ ಬಲಿತ ಮೂರನೆಯ ಹಂತದ ಹುಳು. ಎಳೆಯ ಹುಳುಗಳಲ್ಲಿ ಗುರುತುಗಳು ಇನ್ನೂ ಮೂಡಿರುವುದಿಲ್ಲ, ಅವುಗಳನ್ನು ನಂಬಿ ಹೇಳಿದರೆ ಕೆಡುತ್ತೇವೆ.

ಮನೆಗೆ ತಂದು ಅರ್ಧದಷ್ಟನ್ನು ಕೊಂದೆ, ಅರ್ಧದಷ್ಟನ್ನು ಬದುಕಲು ಬಿಟ್ಟೆ. ಕೊಲ್ಲುವುದಕ್ಕೂ ಒಂದು ಕ್ರಮವಿದೆ. ಹುಳುವನ್ನು ನೇರವಾಗಿ ಸ್ಪಿರಿಟ್ಟಿಗೆ ಹಾಕಿದರೆ ನಾಲ್ಕು ದಿನದಲ್ಲಿ ಕಪ್ಪಗಾಗಿ ಸುರುಟಿಕೊಳ್ಳುತ್ತದೆ. ಕುದಿ ಬಂದ ನೀರನ್ನು ಒಲೆಯಿಂದ ಇಳಿಸಿ, ಒಂದು ನಿಮಿಷ ಬಿಟ್ಟು ಅದಕ್ಕೆ ಹುಳು ಹಾಕಬೇಕು. ಮೈ ನೀಳವಾಗಿ, ಬೆಳ್ಳಗೆ, ಬಿಗಿಯಾಗಿ ನಿಲ್ಲುತ್ತದೆ. ಆಮೇಲೆ ನೂರಕ್ಕೆ ಎಪ್ಪತ್ತು ಎಂಬತ್ತರ ಸ್ಪಿರಿಟ್ಟಿಗೆ ವರ್ಗಾಯಿಸಿದರೆ ವರ್ಷಗಟ್ಟಲೆ ಹಾಗೆಯೇ ಉಳಿಯುತ್ತದೆ. ಹೆಂಡತಿಯ ಹಾಲಿನ ಪಾತ್ರೆ ಬಳಸಬಾರದು ಎನ್ನುವುದು ಈ ಕ್ರಮದ ಅತಿ ಮುಖ್ಯ ಭಾಗ.

ಮೊದಲು ಬಾಲ ನೋಡಿದೆ. ಡ್ರೊಸೊಫಿಲಾದ ಹಾಗೆ ಕೊಳವೆ ಚಾಚಿರಲಿಲ್ಲ. ಮೊಂಡಾದ ಹಿಂಭಾಗದ ಮೇಲೆ ಸಮತಟ್ಟಾಗಿ ಎರಡು ಉಸಿರುರಂಧ್ರದ ಫಲಕಗಳು, ಒಂದೊಂದರಲ್ಲೂ ಮೂರು ಮೂರು ಸೀಳು. ಹಣ್ಣುನೊಣದ ಕುಟುಂಬ ಎಂಬುದು ಅಷ್ಟರಲ್ಲೇ ಖಚಿತವಾಯಿತು. ಬೆಳೆಗಾರರು ತೋಟದಲ್ಲಿ ಮಸೂರದಲ್ಲಿ ನೋಡಿ, “ಕಣ್ಣು ಕಾಣುತ್ತಿದೆ ಸರ್” ಎಂದಿದ್ದರು. ಅವರು ಕಣ್ಣೆಂದುಕೊಂಡಿದ್ದು ಈ ಎರಡು ಫಲಕಗಳನ್ನು, ಮುಖವೆಂದುಕೊಂಡಿದ್ದು ಬಾಲವನ್ನು. ಅವರದು ತಪ್ಪಲ್ಲ. ಈ ಹುಳುವಿನ ಹಿಂಭಾಗ ನಿಜಕ್ಕೂ ಮುಖದ ಹಾಗೆಯೇ ಇರುತ್ತದೆ, ಕಣ್ಣಿನ ಕೆಳಗೆ ಬಾಯಿಯೂ ಇರುತ್ತದೆ!

ಆ “ಬಾಯಿ”ಯೇ ಈ ಪ್ರಕರಣದ ಕೀಲಿ. ಎರಡು ಫಲಕಗಳ ಕೆಳಗೆ ಎರಡು ಉಬ್ಬುಗಳಿವೆ. ಅವುಗಳನ್ನು ಸೇರಿಸಿ, ಅಡ್ಡಲಾಗಿ, ಸ್ವಲ್ಪ ಬಾಗಿದ ಒಂದು ಕಂದು ಗೆರೆ, ಪೆನ್ಸಿಲಿನಿಂದ ತುಟಿ ತಿದ್ದಿದ ಹಾಗೆ. ಬಲಿತ ಕುಕರ್ಬಿಟೇ ಹುಳುವಿನಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ, ಡಾರ್ಸಾಲಿಸ್ ಹುಳುವಿನಲ್ಲಿ ಇರುವುದಿಲ್ಲ. ಸೂಕ್ಷ್ಮದರ್ಶಕವೇ ಬೇಡ, ಹತ್ತು ಪಟ್ಟಿನ ಕೈಮಸೂರ ಮತ್ತು ಒಳ್ಳೆಯ ಬೆಳಕು ಸಾಕು. ನಾನು ನೋಡಿದ ಹದಿನೈದು ಹುಳುಗಳಲ್ಲಿ ಹನ್ನೊಂದರಲ್ಲಿ ಗೆರೆ ಎದ್ದು ಕಾಣುತ್ತಿತ್ತು. ಮಿಕ್ಕ ನಾಲ್ಕು ಏಳು ಮಿಲಿಮೀಟರ್ ಒಳಗಿನ ಎಳೆಯವು, ಅವುಗಳಲ್ಲಿ ಕಾಣಲಿಲ್ಲ. ಗೆರೆ ಇದ್ದರೆ ಒಳ್ಳೆಯ ಸಾಕ್ಷಿ. ಇಲ್ಲದಿದ್ದರೆ ಹುಳು ಬಲಿತಿದೆಯೇ ಎಂದು ಮೊದಲು ಕೇಳಿಕೊಳ್ಳಬೇಕು.

ಎರಡನೆಯ ಸಾಕ್ಷಿ ಮುಂದುಗಡೆ ಇದೆ. ಚೂಪು ತುದಿಯಿಂದ ಸ್ವಲ್ಪ ಹಿಂದೆ, ಎಡಕ್ಕೊಂದು ಬಲಕ್ಕೊಂದು, ಬಿಚ್ಚಿದ ಬೀಸಣಿಗೆಯ ಹಾಗೆ ಮುಂಭಾಗದ ಉಸಿರುರಂಧ್ರಗಳಿರುತ್ತವೆ. ಬೀಸಣಿಗೆಯ ಅಂಚಿನಲ್ಲಿ ಸಾಲಾಗಿ ಪುಟ್ಟ ಬೆರಳುಗಳು. ಕುಕರ್ಬಿಟೇಯಲ್ಲಿ ಬೆರಳುಗಳು 16ರಿಂದ 20, ಡಾರ್ಸಾಲಿಸ್‌ನಲ್ಲಿ 9ರಿಂದ 12. ನಡುವೆ ಇಷ್ಟು ಅಂತರ ಇರುವುದರಿಂದ ಎಣಿಕೆಯಲ್ಲಿ ಒಂದೆರಡು ತಪ್ಪಿದರೂ ಉತ್ತರ ತಪ್ಪುವುದಿಲ್ಲ, ನನ್ನಂಥ ಕಣ್ಣಿನವನಿಗೆ ಇದು ದೊಡ್ಡ ಉಪಕಾರ. ಎಣಿಸಲು ಮಾತ್ರ ಸೂಕ್ಷ್ಮದರ್ಶಕ ಬೇಕು. ಹುಳುವಿನ ಮುಂದಿನ ಕಾಲುಭಾಗವನ್ನು ಬ್ಲೇಡಿನಿಂದ ಕತ್ತರಿಸಿ, ನೂರಕ್ಕೆ ಹತ್ತರ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಒಂದು ರಾತ್ರಿ ಬಿಟ್ಟೆ. ಒಳಗಿನ ಮಾಂಸ ಕರಗಿ, ಬರಿಯ ಚರ್ಮ ಮತ್ತು ಕಪ್ಪು ಬಾಯಿಕೊಕ್ಕೆ ಉಳಿದವು. ಬೆಳಿಗ್ಗೆ ತೊಳೆದು, ಗಾಜಿನ ಪಟ್ಟಿಯ ಮೇಲೆ ಒಂದು ತೊಟ್ಟು ಗ್ಲಿಸರಿನ್ ಹಾಕಿ ಹರಡಿ, ಸೂಕ್ಷ್ಮದರ್ಶಕದ ಕಣ್ಣಿಗೆ ಮೊಬೈಲ್ ಒತ್ತಿಹಿಡಿದು ಫೋಟೊ ತೆಗೆದೆ. ಫೋಟೊವನ್ನು ದೊಡ್ಡದು ಮಾಡಿ ಎಣಿಸಿದೆ: ಎಡಗಡೆ 18, ಬಲಗಡೆ 17. ಇನ್ನೈದು ಹುಳುಗಳಲ್ಲಿ 16ರಿಂದ 19ರವರೆಗೆ.

ಬಾಯಿಕೊಕ್ಕೆಯೂ ಸಾಕ್ಷಿ ಹೇಳಿತು. ಕುಕರ್ಬಿಟೇಯ ಕೊಕ್ಕೆಯ ತುದಿಗೆ ಸ್ವಲ್ಪ ಹಿಂದೆ ಇನ್ನೊಂದು ಪುಟ್ಟ ಹಲ್ಲಿರುತ್ತದೆ, ಡಾರ್ಸಾಲಿಸ್‌ಗೆ ಅದಿಲ್ಲ. ನನ್ನ ಆರು ಪಟ್ಟಿಗಳಲ್ಲಿ ನಾಲ್ಕರಲ್ಲಿ ಹಲ್ಲು ಕಂಡಿತು, ಎರಡರಲ್ಲಿ ಕೊಕ್ಕೆ ಓರೆಯಾಗಿ ಕುಳಿತಿದ್ದರಿಂದ ಏನೂ ತಿಳಿಯಲಿಲ್ಲ. ಬಾಯಿಯ ಸುತ್ತಲಿನ ಏಣುಗಳ ಸಾಲನ್ನು ಎಣಿಸುವ ಇನ್ನೊಂದು ಗುರುತಿದೆ, ಕುಕರ್ಬಿಟೇಯಲ್ಲಿ 17ರಿಂದ 23, ಮಾವಿನದರಲ್ಲಿ 11ರಿಂದ 14. ಅದಕ್ಕೆ ನನ್ನ ಯಂತ್ರ ಸಾಲದು, ಕೈಬಿಟ್ಟೆ.

ಹೋಲಿಕೆಗೆ ಇನ್ನೊಂದು ಹುಳು ಇಲ್ಲದೆ ಇದೆಲ್ಲ ಅರೆಬರೆ ಎನ್ನಿಸಿತು. ಪಕ್ಕದ ತೋಪಿನಿಂದ ಉದುರಿದ ಒಂದು ಬಾದಾಮಿ ಮಾವಿನ ಹಣ್ಣು ತಂದು ಸೀಳಿದೆ. ಹುಳುಗಳು ನೋಡಲು ತದ್ರೂಪು, ಅದೇ ಕೆನೆಬಣ್ಣ, ಅದೇ ಜಿಗಿತ. ಆದರೆ ಬಾಲದಲ್ಲಿ ತುಟಿಯಿಲ್ಲ, ಬೀಸಣಿಗೆಯಲ್ಲಿ ಬೆರಳು ಹತ್ತು, ಹನ್ನೊಂದು. ಎರಡು ಗಾಜಿನ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಬಂದ ಧೈರ್ಯ ಪುಸ್ತಕದಲ್ಲಿನ ಅಂಕಿ ಓದಿದಾಗ ಬಂದಿರಲಿಲ್ಲ.

ಮರಳಿನ ಡಬ್ಬ

ಹುಳುವಿನ ಸಾಕ್ಷಿಗೂ ಒಂದು ಮಿತಿ ಇದೆ. ಜ್ಯೂಗೋಡೇಕಸ್ ಗುಂಪಿನಲ್ಲಿ ಟಾವು ಎಂಬ ಹತ್ತಿರದ ನೆಂಟ ನಮ್ಮಲ್ಲಿದೆ, ಅದೂ ಕುಂಬಳ ಜಾತಿಯ ಕಾಯಿಗಳಲ್ಲೇ ಬೆಳೆಯುತ್ತದೆ. ಅದರ ಹುಳುವನ್ನು ಇದರಿಂದ ಬೇರ್ಪಡಿಸುವ ಕೈಚಳಕ ನನಗಿಲ್ಲ. ಟಾವು ಕೂಡ ಕ್ಯೂ-ಲ್ಯೂರಿಗೆ ಬರುವುದರಿಂದ ಬೆಳೆಗಾರರ ಮಟ್ಟಿಗೆ ಆ ವ್ಯತ್ಯಾಸ ಲೆಕ್ಕಕ್ಕಿಲ್ಲ. ಆದರೂ ಹೆಸರು ಬರೆಯುವುದಾದರೆ ಸರಿಯಾಗಿಯೇ ಬರೆಯಬೇಕು ಎನ್ನುವ ಹಟ ಮೇಷ್ಟರ ಕಾಯಿಲೆ. ಅದಕ್ಕೇ ಅರ್ಧದಷ್ಟು ಹುಳುಗಳನ್ನು ಬದುಕಲು ಬಿಟ್ಟಿದ್ದೆ.

ಪ್ಲಾಸ್ಟಿಕ್ ಡಬ್ಬದ ತಳಕ್ಕೆ ಎರಡು ಇಂಚು ತೇವದ ಮರಳು, ಅದರ ಮೇಲೆ ತಂತಿಯ ಜಾಲರಿ, ಜಾಲರಿಯ ಮೇಲೆ ಹುಳುಬಿದ್ದ ಕಾಯಿಗಳು, ಬಾಯಿಗೆ ತೆಳು ಬಟ್ಟೆ. ಜಾಲರಿ ಇಲ್ಲದಿದ್ದರೆ ಕಾಯಿಯ ರಸ ಸೋರಿ ಮರಳು ಕೆಸರಾಗಿ ಹುಳುಗಳು ಸಾಯುತ್ತವೆ. ನಾಲ್ಕನೆಯ ದಿನ ಮರಳನ್ನು ಜರಡಿ ಹಿಡಿದಾಗ ಕಂದು ಬಣ್ಣದ, ಅಕ್ಕಿಕಾಳಿನ ಗಾತ್ರದ 29 ಕೋಶಗಳು ಸಿಕ್ಕಿದವು. ಬೇರೆ ಸೀಸೆಗೆ ಹಾಕಿ ಕಾದೆ. ಒಂಬತ್ತನೆಯ ದಿನ ಮೊದಲ ನೊಣ ಹೊರಬಂತು.

ಈ ಹಂತದಲ್ಲಿ ಆತುರ ಮಾಡಿದರೆ ಕೆಟ್ಟಂತೆ. ಆಗತಾನೇ ಹುಟ್ಟಿದ ನೊಣ ಬಿಳಿಚಿಕೊಂಡಿರುತ್ತದೆ, ಪಟ್ಟಿಗಳಿಗೆ ಬಣ್ಣ ಏರಿರುವುದಿಲ್ಲ. ಹತ್ತಿಗೆ ಸಕ್ಕರೆ ನೀರು ಹಾಕಿ ಮೂರು ನಾಲ್ಕು ದಿನ ಸಾಕಬೇಕು. ಐದನೆಯ ದಿನ ನೋಡಿದರೆ ಎದೆ ಕೆಂಪು ಮಿಶ್ರಿತ ಕಂದು, ಪಕ್ಕದ ಎರಡು ಹಳದಿ ಪಟ್ಟಿಗಳ ನಡುವೆ ಮೂರನೆಯ ಪಟ್ಟಿ. ರೆಕ್ಕೆಯ ಮುಂದಂಚಿನ ಕಂದು ಗೆರೆ ತುದಿಯಲ್ಲಿ ಅಗಲವಾಗಿ ಒಂದು ಮಚ್ಚೆಯಾಗಿತ್ತು, ಹಿಂದಂಚಿನ ಅಡ್ಡನರದ ಮೇಲೆ ಇನ್ನೊಂದು ಕಂದು ಛಾಯೆ. ಟಾವುವಿನ ಎದೆಯ ಮೇಲಿರುವ ಕಪ್ಪು ಗುರುತುಗಳು ಇರಲಿಲ್ಲ. ಜ್ಯೂಗೋಡೇಕಸ್ ಕುಕರ್ಬಿಟೇ ಎಂದು ಚೀಟಿ ಬರೆದು ಸೀಸೆಗೆ ಅಂಟಿಸಿದೆ. ಹಳೆಯ ಕರಪತ್ರಗಳಲ್ಲಿ ಇದೇ ನೊಣವನ್ನು ಡೇಕಸ್ ಕುಕರ್ಬಿಟೇ ಎಂದೂ ಬ್ಯಾಕ್ಟ್ರೋಸೆರಾ ಕುಕರ್ಬಿಟೇ ಎಂದೂ ಕಾಣುತ್ತೀರಿ. ಈಗಿನ ಹೆಸರು ನೆಲೆಗೊಂಡದ್ದು 2015ರಿಂದ ಈಚೆಗೆ. ಮೂಲ ನಮ್ಮ ಕಡೆಯದಾದರೂ ಇದಕ್ಕೆ ವಿಜ್ಞಾನದ ಹೆಸರು ಬಿದ್ದದ್ದು 1899ರಲ್ಲಿ, ಹವಾಯಿಯಿಂದ ಹೋದ ಮಾದರಿ ನೋಡಿ. ಅಲ್ಲಿಗೆ ಹೊಸದಾಗಿ ಬಂದು ಸೇರಿ ಹಾವಳಿ ಎಬ್ಬಿಸಿದಾಗಲೇ ಇದರ ಮೇಲೆ ಜಗತ್ತಿನ ಕಣ್ಣು ಬಿದ್ದದ್ದು.

29 ಕೋಶಗಳಲ್ಲಿ 24ರಿಂದ ನೊಣ ಬಂದವು, ಮೂರು ಒಣಗಿದವು. ಎರಡರಿಂದ ನೊಣದ ಬದಲು ತೆಳುಸೊಂಟದ, ಕಂದು ಬಣ್ಣದ ಪುಟ್ಟ ಕಣಜಗಳು ಬಂದವು. ನೊಣದ ಮರಿಯೊಳಗೆ ತಾನು ಮೊಟ್ಟೆಯಿಟ್ಟು ಬೆಳೆಯುವ ಪರಾವಲಂಬಿ. ಸಿಟಾಲಿಯಾ ಫ್ಲೆಚೆರಿ ಎಂಬ ಇಂಥದೇ ಒಂದು ಕಣಜವನ್ನು 1916ರಲ್ಲಿ ಭಾರತದಿಂದ ಹವಾಯಿಗೆ ಒಯ್ದು ಬಿಟ್ಟಿದ್ದರು. ನನ್ನ ಸೀಸೆಯಲ್ಲಿದ್ದದ್ದು ಅದೇ ಎಂದು ನಾನು ಬರೆದುಕೊಂಡಿಲ್ಲ, ಕಣಜಗಳ ಗುರುತು ಬೇರೆಯೇ ವಿದ್ಯೆ. ಕಿಟಕಿ ತೆರೆದು ಹೊರಗೆ ಬಿಟ್ಟೆ. ನೊಣಗಳನ್ನು ಮಾತ್ರ ಬಿಡಲಿಲ್ಲ.

ತೋಟದಲ್ಲಿ ಮಾಡಿದ್ದು

ನೊಣ ಹುಟ್ಟುವವರೆಗೆ ಕಾಯದೆ, ಬಾಲದ ಗೆರೆ ಮತ್ತು ಬೀಸಣಿಗೆಯ ಎಣಿಕೆ ಸಿಕ್ಕ ದಿನವೇ ಬೆಳೆಗಾರರಿಗೆ ಹೇಳಿದ್ದೆ. ಅವರು ಬೆಂಗಳೂರಿನ ಹೆಸರಘಟ್ಟದಿಂದ ತರಕಾರಿಯ ಬಲೆ, ಅಂದರೆ ಕ್ಯೂ-ಲ್ಯೂರ್ ಹಾಕಿದ್ದನ್ನು ತರಿಸಿ ಕಟ್ಟಿದರು. ಮೂರನೆಯ ದಿನ ಫೋನ್ ಮಾಡಿ, “ಮೂರು ಗೆರೆಯವು ಬಿದ್ದಿವೆ” ಎಂದರು. ನೊಣದ ಬೆನ್ನಿನ ಗೆರೆ ಎಣಿಸುವುದನ್ನು ನಾನು ಹೇಳಿಕೊಟ್ಟಿದ್ದೆ.

ಆದರೆ ಬಲೆಯೊಂದೇ ಕಾಯಿ ಉಳಿಸುತ್ತದೆ ಎಂದು ನಾನು ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ಕ್ಯೂ-ಲ್ಯೂರಿಗೆ ಬೀಳುವುದೂ ಗಂಡು ಮಾತ್ರ. ಮುಕ್ಕಾಲು ಎಕರೆಯ ತೋಟಕ್ಕೆ ಆಚೆಯಿಂದ ಬಸುರಿ ನೊಣಗಳು ಬರುತ್ತಲೇ ಇರುತ್ತವೆ. ಸಿಂಪಡಣೆಯೂ ಕೈಕೊಡುವುದಕ್ಕೆ ಕಾರಣ ನೊಣದ ಬದುಕಿನಲ್ಲೇ ಇದೆ: ಮೊಟ್ಟೆ ಸಿಪ್ಪೆಯ ಕೆಳಗೆ, ಮರಿ ತಿರುಳಿನಲ್ಲಿ, ಕೋಶ ಮಣ್ಣಿನಲ್ಲಿ. ಔಷಧಿ ಎಲೆಯ ಮೇಲೆ. ಹಾಗಲವನ್ನು ಎರಡು ದಿನಕ್ಕೊಮ್ಮೆ ಕೀಳುವಾಗ ಹೊಡೆದ ಔಷಧಿ ಸೇರುವುದು ತಿನ್ನುವವರ ಹೊಟ್ಟೆಗೆ.

ಹೆಚ್ಚು ಫಲ ಕೊಟ್ಟದ್ದು ತಿಪ್ಪೆಯ ವ್ಯವಸ್ಥೆ ಎಂದು ನನ್ನ ಲೆಕ್ಕ. ಅದುವರೆಗೆ ಹುಳುಬಿದ್ದ ಕಾಯಿಗಳನ್ನು ಚಪ್ಪರದ ಪಕ್ಕದಲ್ಲೇ ರಾಶಿ ಹಾಕುತ್ತಿದ್ದರು. ಅಂದರೆ ಹುಳುಗಳಿಗೆ ಮಣ್ಣು ಸೇರಲು ಮೆಟ್ಟಿಲು ಕಟ್ಟಿಕೊಟ್ಟ ಹಾಗೆ. ಬೇಸಿಗೆಯಲ್ಲಿ ಮೊಟ್ಟೆಯೊಡೆಯಲು ಒಂದೆರಡು ದಿನ, ಮರಿ ಬಲಿಯಲು ಒಂದು ವಾರ, ಕೋಶದಿಂದ ನೊಣವಾಗಲು ಇನ್ನೊಂದು ವಾರದ ಮೇಲೆ, ಇಷ್ಟರಲ್ಲಿ ಆ ರಾಶಿ ಹೊಸ ಪಡೆಯನ್ನು ಹೊರಡಿಸುತ್ತಿತ್ತು. ಬಿದ್ದ ಕಾಯಿ, ಸೊಟ್ಟ ಕಾಯಿ ಎಲ್ಲವನ್ನೂ ದಿನಾ ಆರಿಸಿ, ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಬಿಗಿದು ಬಿಸಿಲಿಗೆ ಇಡಲು ಶುರುಮಾಡಿದರು. ಎಳೆಯ ಮಿಡಿಗಳಿಗೆ ಅವರ ಮನೆಯವರು ದಿನಪತ್ರಿಕೆಯ ಕೊಳವೆ ತೊಡಿಸಿದರು. ಸಂಜೆ ನೊಣಗಳು ತೋಟದೊಳಗೆ ಉಳಿಯದೆ ಅಂಚಿನ ಎತ್ತರದ ಗಿಡಗಳಲ್ಲಿ, ಅದರಲ್ಲೂ ಮುಸುಕಿನ ಜೋಳದ ಎಲೆಗಳಡಿ, ತಂಗುತ್ತವೆ. ಹವಾಯಿಯಲ್ಲಿ 1950ರ ದಶಕದಲ್ಲೇ ಇದನ್ನು ಗಮನಿಸಿ ಅಲ್ಲಿ ಮಾತ್ರ ಆಮಿಷ ಸಿಂಪಡಿಸುವುದನ್ನು ರೂಢಿಗೆ ತಂದರು. ಇಲ್ಲಿ ಬದುವಿನ ಮೇಲೆ ಎರಡು ಸಾಲು ಜೋಳ ಮೊದಲೇ ಇತ್ತು, ದನದ ಮೇವಿಗೆ ಹಾಕಿದ್ದು. ಬೆಲ್ಲದ ನೀರಿನ ಆಮಿಷವನ್ನು ಅದಕ್ಕಷ್ಟೇ ಹಾಕಿಸಿದೆವು, ಬೆರೆಸುವ ಔಷಧಿ ಮತ್ತು ಪ್ರಮಾಣವನ್ನು ತೋಟಗಾರಿಕೆ ಇಲಾಖೆಯವರನ್ನು ಕೇಳಿಕೊಂಡು. ಆ ಮೇವನ್ನು ದನಕ್ಕೆ ಹಾಕಬಾರದೆಂದು ಎರಡು ಬಾರಿ ಹೇಳಬೇಕಾಯಿತು.

ಜುಲೈ ನಡುವಿನ ಹೊತ್ತಿಗೆ ಹತ್ತಕ್ಕೆ ನಾಲ್ಕು ಇದ್ದದ್ದು ಹತ್ತಕ್ಕೆ ಒಂದಕ್ಕೆ ಇಳಿದಿತ್ತು. ಇದರಲ್ಲಿ ಬಲೆಯ ಪಾಲೆಷ್ಟು, ಚೀಲದ ಪಾಲೆಷ್ಟು, ಕಾಗದದ ಪಾಲೆಷ್ಟು ಎಂದು ಬೇರ್ಪಡಿಸುವಂತಿಲ್ಲ, ಎಲ್ಲವನ್ನೂ ಒಟ್ಟಿಗೆ ಮಾಡಿದ್ದೆವು. ಪೂರ್ತಿ ಸೊನ್ನೆ ಮಾಡುವುದು ಒಂದು ತೋಟದ ಕೆಲಸವಲ್ಲ. ಜಪಾನಿನ ಒಕಿನಾವಾ ದ್ವೀಪಗಳಲ್ಲಿ ಹಾಗಲಕಾಯಿ ದಿನನಿತ್ಯದ ಊಟ. ಇದೇ ನೊಣದ ದೆಸೆಯಿಂದ ಅಲ್ಲಿನ ಹಾಗಲವನ್ನು ಜಪಾನಿನ ಮುಖ್ಯ ಭೂಭಾಗಕ್ಕೆ ಕಳಿಸುವಂತಿರಲಿಲ್ಲ. ವಿಕಿರಣದಿಂದ ಬಂಜೆ ಮಾಡಿದ ನೊಣಗಳನ್ನು ಕೋಟಿಗಟ್ಟಲೆ ಬಿಟ್ಟು ಸಂತತಿಯನ್ನೇ ನಿಲ್ಲಿಸುವ ಕೆಲಸವನ್ನು 1972ರಲ್ಲಿ ಕೈಗೆತ್ತಿಕೊಂಡರು. ದ್ವೀಪದಿಂದ ದ್ವೀಪಕ್ಕೆ ಸಾಗಿ ಅದು ಮುಗಿದದ್ದು 1993ರಲ್ಲಿ. ಸುತ್ತ ಕಡಲಿದ್ದವರಿಗೇ ಇಪ್ಪತ್ತೊಂದು ವರ್ಷ ಹಿಡಿಯಿತು. ನಮ್ಮ ಚಪ್ಪರಕ್ಕೆ ಮೂರು ಕಡೆ ತೋಪು, ನಾಲ್ಕನೆಯ ಕಡೆ ಇನ್ನೊಬ್ಬರ ಹೀರೆ.

ಹಳೆಯ ಆರು ಬಲೆಗಳನ್ನು ಬೆಳೆಗಾರರು ಎಸೆಯಲಿಲ್ಲ. ಬೇಲಿ ದಾಟಿ ಪಕ್ಕದ ತೋಪಿನ ಮಾವಿನ ಕೊಂಬೆಗಳಿಗೆ ಕಟ್ಟಿ ಬಂದರು. ತೋಪಿನವರು ನೋಡಿ, “ಇದೇನು, ಊಜಿಗೋ?” ಎಂದು ಕೇಳಿದರಂತೆ. “ಹೌದು, ನಿಮ್ಮ ಊಜಿಗೆ. ನಮ್ಮದು ಬೇರೆ” ಎಂದರಂತೆ ಇವರು.